ಸಾಮಿಲ್ ಲೈನಿನವರ ಮಣ್ಣು

ಭದ್ರಮ್ಮನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ನೀರಿನ ಟ್ಯಾಂಕರಿನವನು ಫೋನು ಮಾಡಿ, "ಅಕ್ಕ, ಲೊಕೇಶನ್ ಕಳ್ಸಿ, ಮ್ಯಾಪಲ್ಲಿ ನಿಮ್ಮ ಏರಿಯಾ ತೋರಿಸ್ತಾ ಇಲ್ಲ" ಅಂದರೆ ಸಾಕು, ಉರಿದುಬೀಳುತ್ತಿದ್ದಳು.

"ಬೊಮ್ಮಸಂದ್ರ ದಾಟಿ ಜಿಗಣಿ ರೋಡಲ್ಲಿ ಎಡಕ್ಕೆ ತಿರುಗು. ದೊಡ್ಡ ಗೋಡೌನ್ ಸಿಗ್ತದೆ. ಅದರ ಹಿಂದೆ ನಾವು. ನಿಮ್ಮಪ್ಪ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗಿಂದ ಇಲ್ಲೇ ಇದೀವಿ. ನಿನ್ನ ಮ್ಯಾಪ್ ಹುಟ್ಟಿದ್ದು ಯಾವಾಗಲೋ?"

ಆ ಜಾಗಕ್ಕೆ ಇದ್ದ ಹೆಸರು ಒಂದೇ, ಸಾಮಿಲ್ ಲೈನು. ಸುತ್ತ ಬರೀ ರಾಗಿ ಹೊಲಗಳಿದ್ದ ಕಾಲದಲ್ಲಿ ಒಬ್ಬ ಸಾಹುಕಾರ ಕೆರೆಯ ಹಿಂದಿನ ಬರಡು ನೆಲ ಹಿಡಿದು ಮರ ಕೊಯ್ಯುವ ಸಾಮಿಲ್ ಕಂಪನಿ ಹಾಕಿದ್ದ. ತಳಿ, ಡೆಂಕಣಿಕೋಟೆ ಕಡೆಯ ಕಾಡುಗಳಿಂದ ಲಾರಿಗಟ್ಟಲೆ ದಿಮ್ಮಿಗಳು ಬಂದು ಬೀಳುತ್ತಿದ್ದವು. ಕೊಯ್ಯಲು ಕೊಳ್ಳೇಗಾಲದ ಕಡೆಯವರು, ಹೊರಲು ಧರ್ಮಪುರಿಯ ತಮಿಳರು, ಲಾರಿ ಓಡಿಸಲು ಆನೇಕಲ್ಲಿನ ಸಾಬರು, ಯಂತ್ರ ನೋಡಿಕೊಳ್ಳಲು ಮಲಬಾರಿನ ಒಂದೆರಡು ಮನೆಯವರು. ಕಂಪನಿಯೇ ಇವರಿಗೆಲ್ಲ ಎದುರುಬದುರು ಎರಡು ಸಾಲು ಮನೆ ಕಟ್ಟಿಸಿಕೊಟ್ಟಿತು. ಗೋಡೆ ಕೂಡ ಹಲಗೆಯದೇ. ಅಡುಗೆ ಮರದ ಹೊಟ್ಟಿನ ಒಲೆಯ ಮೇಲೆ. ಬೆಳಿಗ್ಗೆ ಎದ್ದರೆ ಸೈರನ್ನು, ಮಲಗಿದರೆ ಕೂದಲಲ್ಲೆಲ್ಲ ಮರದ ಪುಡಿ. ಕೆರೆಯಾಚೆಯ ಹಳೇ ಊರಿನವರು ಇವರನ್ನು "ಕಂಪನಿಯೋರು" ಅನ್ನುತ್ತಿದ್ದರು. ಹೆಣ್ಣು ತರುವುದೂ ಇಲ್ಲ, ಕೊಡುವುದೂ ಇಲ್ಲ.

ಭದ್ರಮ್ಮ ಹುಟ್ಟಿದ್ದು ಆ ಹಲಗೆ ಗೋಡೆಗಳ ನಡುವೆ. ಅಪ್ಪ ಚಿಕ್ಕಬೈರಪ್ಪ ದೊಡ್ಡ ಗರಗಸದ ಮುಂದೆ ನಿಂತು ದಿಮ್ಮಿ ನೂಕುವವನು. ಅವಳು ಮದುವೆಯಾದ ದಾಸಪ್ಪ ಎದುರು ಸಾಲಿನ ಹುಡುಗ. ಅವನ ತಾಯಿ ತಮಿಳಿನವಳು, ತಂದೆ ಮಾಗಡಿ ಕಡೆಯವನು. ಎರಡು ಮನೆಯವರೂ ಜಾತಿ ಕೇಳಲಿಲ್ಲ. ಕೇಳಿದ್ದರೆ ಆ ಲೈನಿನಲ್ಲಿ ಯಾರ ಮದುವೆಯೂ ಆಗುತ್ತಿರಲಿಲ್ಲ. ಕೂಡಿ ಆಡಿ ಬೆಳೆದವರಾದ್ದರಿಂದ ಗಂಡನನ್ನು ಅವಳು ಮೊದಲಿಂದಲೂ ಏಕವಚನದಲ್ಲೇ ಕರೆಯುತ್ತಿದ್ದಳು.

ಕಾಡು ಕಡಿಯುವುದು ನಿಂತ ಮೇಲೆ ಕಂಪನಿಯೂ ನಿಂತಿತು. ಮ್ಯಾನೇಜರು ಎಲ್ಲರನ್ನೂ ಕರೆದು, "ಒಂದು ವ್ಯವಸ್ಥೆ ಆಗೋವರೆಗೂ ಮನೆಗಳಲ್ಲೇ ಇರಿ" ಅಂದು ಜೀಪು ಹತ್ತಿ ಹೋದ. ಆ ವ್ಯವಸ್ಥೆ ಇವತ್ತಿಗೂ ಆಗಿಲ್ಲ. ಗೆದ್ದಲು ಹಿಡಿದ ಹಲಗೆ ಕಿತ್ತು ಜನ ಇಟ್ಟಿಗೆ ಇಟ್ಟುಕೊಂಡರು, ಶೀಟು ಹಾಕಿಕೊಂಡರು. ಗಾರ್ಮೆಂಟ್ಸು, ಔಷಧಿ ಫ್ಯಾಕ್ಟರಿ, ಸೆಕ್ಯೂರಿಟಿ ಅಂತ ಚದುರಿದರು. ದಾಸಪ್ಪನಿಗೆ ಗರಗಸ ಎರಡು ಬೆರಳು ತಿಂದಿದ್ದರಿಂದ ವಾಚ್‌ಮನ್ ಕೆಲಸವೇ ಗತಿಯಾಯಿತು. ಭದ್ರಮ್ಮ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚಲು ಸೇರಿದಳು.

ಲೈನಿನ ಪರವಾಗಿ ಕಚೇರಿ ಅಲೆಯುವ ಕೆಲಸವೂ ಅವಳಿಗೇ ಅಂಟಿಕೊಂಡಿತು. ಬೀದಿ ದೀಪ ಕೇಳಲು ಪುರಸಭೆಗೆ ಹೋದರೆ, "ನಿಮ್ಮದು ಪಂಚಾಯ್ತಿ, ಅಲ್ಲಿ ಕೇಳಿ." ಪಂಚಾಯ್ತಿಗೆ ಹೋದರೆ, "ನಿಮ್ಮದು ಪುರಸಭೆಗೆ ಸೇರಿತಲ್ಲ." ನಲ್ಲಿ ಕೇಳಲು ಹೋದರೆ, "ಅದು ಕಂಪನಿ ಜಾಗ ಕಣಮ್ಮ, ಕಂಪನಿಯವರು ಅರ್ಜಿ ಕೊಡ್ಬೇಕು." ಯಾವ ಕಂಪನಿ? ಅದರ ಸಾಹುಕಾರ ಸತ್ತು, ಮಕ್ಕಳು ಜಾಗ ಮಾರಿ, ಕೊಂಡವರು ಜಗಳಾಡಿ ಕೋರ್ಟಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಹಾಗೆ ಅಲೆದು ಅಲೆದು ಅವಳ ದನಿ ಒರಟಾಯಿತು. ಮಗಳು ಮಂಜುಶ್ರೀ ಔಷಧಿ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸದವಳು. ಅವಳಿಗೆ ಇದ್ದ ಬೇಸರವೇ ಬೇರೆ.

"ಅಮ್ಮಾ, ಬೊಮ್ಮಸಂದ್ರದಲ್ಲಿ ಒಂದು ಬಾಡಿಗೆ ಮನೆ ಮಾಡ್ಕೊಂಡು ಹೋಗೋಣ. ನೀರು ಬರುತ್ತೆ, ಲೈಟ್ ಬರುತ್ತೆ. ಈ ಲೈನಲ್ಲಿ ಏನಿದೆ?"

"ನಾನಿದೀನಿ" ಅನ್ನುತ್ತಿದ್ದಳು ಭದ್ರಮ್ಮ. ಅದಕ್ಕಿಂತ ಒಳ್ಳೆಯ ಉತ್ತರ ಅವಳಿಗೂ ಗೊತ್ತಿರಲಿಲ್ಲ.

ಹೀಗಿರುವಾಗ ವೆಂಕಟಮ್ಮ ಸತ್ತಳು.

ವೆಂಕಟಮ್ಮ ಲೈನಿಗೆಲ್ಲ ದೊಡ್ಡವ್ವ. ತೆಲುಗು ಸೀಮೆಯಿಂದ ಸೊಸೆಯಾಗಿ ಬಂದವಳು. ಸ್ವಂತ ಮಕ್ಕಳಿಲ್ಲ. ಆದರೆ ಭದ್ರಮ್ಮನನ್ನೂ ಸೇರಿಸಿ ಎರಡು ಸಾಲಿನ ಮಕ್ಕಳೆಲ್ಲ ಅವಳ ಕೈಮೇಲೇ ಭೂಮಿಗೆ ಬಿದ್ದವರು. ಗಂಡ ಸತ್ತ ಮೇಲೆ ಅವಳ ಊಟ ಒಂದೊಂದು ದಿನ ಒಂದೊಂದು ಮನೆಯಲ್ಲಿ. ಕೊನೆಗಾಲದಲ್ಲಿ ಕಣ್ಣು ಕಾಣದಾದಾಗ ಭದ್ರಮ್ಮನ ಮನೆಯ ಮೂಲೆಯಲ್ಲೇ ಮಲಗುತ್ತಿದ್ದಳು. ಅವಳು ಕೇಳಿಕೊಂಡಿದ್ದುದು ಒಂದೇ ಮಾತು.

"ನನ್ನ ಸುಡಬೇಡ ಕಣೇ ಬದ್ರೀ. ನಿಮ್ಮ ಮಾವನ ಪಕ್ಕದಾಗೆ ಒಸಿ ಜಾಗ ಮಾಡಿ ಮಲಗ್ಸಿ ಬಿಡು."

ಅವಳ ಗಂಡ ಮಲಗಿದ್ದುದು ಹೆಣ ಹೂಳಲೆಂದು ಕಂಪನಿ ಬಿಟ್ಟುಕೊಟ್ಟಿದ್ದ ಮಣ್ಣಿನಲ್ಲಿ. ದಿಮ್ಮಿ ಅಂಗಳದ ಹಿಂದೆ, ಕೆರೆ ಏರಿಯ ಪಕ್ಕದ ಒಂದು ಪಟ್ಟಿ ನೆಲ. ಲೈನಿನವರು ಹಿಂದೂ ಸಾಬರು ಅನ್ನದೆ ಎಲ್ಲರೂ ಅಲ್ಲೇ, ಆಕಡೆ ಈಕಡೆ. ಚಿಕ್ಕಬೈರಪ್ಪನೂ ಅಲ್ಲೇ. ದಿಮ್ಮಿ ಅಂಗಳಕ್ಕೆ ಗೋಡೌನ್ ಬಂದಾಗ ಕಟ್ಟಿಸುವವರು ಆ ಪಟ್ಟಿಯನ್ನೂ ಕಾಂಪೌಂಡಿನೊಳಕ್ಕೆ ಹಾಕಿಕೊಂಡರು. "ಒಂದು ಗೇಟು ಬಿಡ್ತೀವಿ, ಹಬ್ಬ ಹುಣ್ಣಿಮೆಗೆ ಬಂದು ಹೋಗಿ" ಅಂದಿದ್ದರು. ಗೇಟೇನೋ ಬಿಟ್ಟರು. ಬೀಗವನ್ನೂ ಹಾಕಿದರು.

ವೆಂಕಟಮ್ಮ ಹೋದದ್ದು ನಸುಕಿನಲ್ಲಿ. ಬೆಳಕಾಗುತ್ತಲೇ ಭದ್ರಮ್ಮ ಗೋಡೌನಿನ ಗೇಟಿಗೆ ಹೋದಳು. ಗೇಟಿನಲ್ಲಿದ್ದವನು ಒಡಿಶಾ ಕಡೆಯವನು. ಅವಳ ಮಾತು ಅರ್ಧ ಅರ್ಥವಾಗಿ, ಫೋನು ಹಚ್ಚಿ ಮ್ಯಾನೇಜರಿಗೆ ಕೊಟ್ಟ. ಆಕಡೆಯಿಂದ ನಯವಾದ ದನಿ.

"ಮೇಡಂ, ಸಾರಿ ಫಾರ್ ಯುವರ್ ಲಾಸ್. ಆದ್ರೆ ಒಳಗಡೆ ಕ್ಲೈಂಟ್ ಮೆಟೀರಿಯಲ್ ಇದೆ. ಪರ್ಮಿಶನ್ ಕೊಡೋ ಅಥಾರಿಟಿ ನಂಗಿಲ್ಲ."

"ಯಾರಿಗಿದೆ?"

"ಓನರ್ ಔಟ್ ಆಫ್ ಸ್ಟೇಷನ್ ಮೇಡಂ."

ಅಲ್ಲಿಂದ ಕೆರೆಯಾಚೆ ಊರಿಗೆ ಹೋದಳು, ಚಿನ್ನಪ್ಪನ ಮನೆಗೆ. ಹಿಂದೆ ರಾಗಿ ಬೆಳೆಯುತ್ತಿದ್ದ ಚಿನ್ನಪ್ಪ ಈಗ ಹೊಲದಲ್ಲಿ ಮೂರಂತಸ್ತಿನ ಬಾಡಿಗೆ ಮನೆಗಳನ್ನು ಎಬ್ಬಿಸಿದ್ದ. ಊರಿನಲ್ಲಿ ಅವನ ಮಾತು ನಡೆಯುತ್ತಿತ್ತು. ಕೆಟ್ಟವನೇನಲ್ಲ. ಕೂರಿಸಿ ಕಾಫಿ ಕೊಡಿಸಿದ.

"ಚಿನ್ನಪ್ಪಣ್ಣ, ನಿಮ್ಮೂರ ಮಸಾಣದಾಗೆ ಆರಡಿ ಜಾಗ ಕೊಡ್ಸಿ. ಇನ್ನೇನೂ ಕೇಳಾಕಿಲ್ಲ."

"ನಂದೇನಮ್ಮ ಅಡ್ಡಿ? ಆದ್ರೆ ನಮ್ಮೂರ್ನಾಗೆ ಮಸಾಣ ಒಂದಿಲ್ಲ, ಮೂರವೆ. ಒಂದೊಂದು ಜನಕ್ಕೆ ಒಂದೊಂದು. ಆಯಮ್ಮ ಯಾವ ಜನ ಯೇಳು. ಆ ಜನದ ಯಜಮಾನನ್ ತಾವ ನಾನೇ ಮಾತಾಡ್ತೀನಿ."

ಭದ್ರಮ್ಮನಿಗೆ ಹುಟ್ಟಿದ ಕ್ಷಣದಿಂದ ಗೊತ್ತಿದ್ದ ಮುದುಕಿ. ಅವಳ ಕೈಯ ಮುದ್ದೆ ತಿಂದಿದ್ದಳು, ಅವಳ ತಲೆಗೆ ಎಣ್ಣೆ ಹಚ್ಚಿದ್ದಳು. ಅವಳು ಯಾವ ಜನ ಅಂತ ಒಂದು ದಿನವೂ ಹೊಳೆದಿರಲಿಲ್ಲ.

"ಗೊತ್ತಿಲ್ಲ" ಅಂದಳು.

"ಅದೆಂಗಮ್ಮ ಗೊತ್ತಿಲ್ಲ ಅಂತೀಯ? ಜೊತೇಲೇ ಇದ್ರಲ್ಲ?"

"ಜೊತೇಲಿದ್ದಿದ್ಕೇ ಗೊತ್ತಿಲ್ಲ."

ಚಿನ್ನಪ್ಪ ಲೊಚಗುಟ್ಟಿದ. "ಅಂಗಂದ್ರೆ ಕಷ್ಟ ಕಣಮ್ಮ. ನಾಳೆ ದಿನ ಯಾರಾದ್ರೂ ನಮ್ಮದ್ರಾಗೆ ಯಾಕಿಟ್ರಿ ಅಂತ ತಗಾದೆ ತೆಗೆದ್ರೆ ನನ್ನ ತಲೆಗೆ ಬರ್ತದೆ." ಅವಳು ಕಾಫಿ ಲೋಟವನ್ನು ಹಾಗೇ ಇಟ್ಟು ಎದ್ದು ಬಂದಳು.

ಲೈನಿನಲ್ಲಿ ಎಲ್ಲರೂ ಸೇರಿದ್ದರು. ಐಸ್ ಪೆಟ್ಟಿಗೆ ಬಂದಿತ್ತು. ಭದ್ರಮ್ಮ ಒಂದೇ ಮಾತು ಹೇಳಿದಳು. "ಎತ್ರೋ. ಗೋಡೌನ್ ಗೇಟಿಗೇ ಹೋಗಾನ. ಬೀಗ ತೆಗೆಯೋಗಂಟ ಅಲ್ಲೇ ಕೂರಾನ."

ಎಲ್ಲರಿಗೂ ರೋಷ ಬಂದಿತ್ತು. ಚಟ್ಟ ಕಟ್ಟಿ, ಹೂ ಹಾಕಿ, ವೆಂಕಟಮ್ಮನನ್ನು ಹೊತ್ತು ತಂದು ಗೇಟಿನ ಮುಂದೆ ಇಳಿಸಿದರು. ಒಳಗಿನ ಲಾರಿ ಒಳಗೆ, ಹೊರಗಿನ ಲಾರಿ ಹೊರಗೆ ನಿಂತವು. ಡ್ರೈವರುಗಳು ಇಳಿದು ಬಂದು ಕೈಮುಗಿದು ದೂರ ನಿಂತರು. ಸ್ವಲ್ಪ ಹೊತ್ತಿಗೆ ಪುರಸಭೆ ಕಚೇರಿಯಿಂದ ಶಿವರಾಜ್ ಬಂದ. ಆರೋಗ್ಯ ವಿಭಾಗದ ಇನ್ಸ್‌ಪೆಕ್ಟರು, ಭದ್ರಮ್ಮನ ಹಳೇ ಪರಿಚಯ. ನಲ್ಲಿ, ದೀಪ, ಚರಂಡಿ ಎಲ್ಲದಕ್ಕೂ ಇವಳು ಬೈದು ಬಂದದ್ದು ಅವನನ್ನೇ.

"ಅಮ್ಮಾ, ಈ ಜಾಗದ ಮೇಲೆ ಕೇಸಿದೆ. ಬೀಗ ಒಡೆಸೋ ಅಧಿಕಾರ ನಂಗಿಲ್ಲ. ಚಿತಾಗಾರಕ್ಕೆ ಹೇಳ್ತೀನಿ, ವ್ಯಾನು ಇಲ್ಲಿಗೇ ಬರುತ್ತೆ. ಗೌರವವಾಗಿ ಮಾಡಿ ಮುಗಿಸೋಣ."

"ಸುಡಬೇಡ ಅಂದವ್ಳೆ ಸಾರ್ ಅವ್ಳು. ಒಳಗೆ ಅವಳ ಗಂಡ ಅವ್ನೆ. ನಮ್ಮಪ್ಪ ಅವ್ನೆ."

"ಅರ್ಥ ಆಗುತ್ತಮ್ಮ."

"ಅರ್ಥ ಆಗ್ತದೆ, ಅರ್ಥ ಆಗ್ತದೆ ಅಂತಾನೇ ನೀವು ದೊಡ್ಡವರಾದ್ರಿ, ನಾವು ಮುದುಕರಾದ್ವಿ!"

ಬಿಸಿಲೇರಿತು. ಗೇಟು ತೆರೆಯಲಿಲ್ಲ. ಎರಡನೇ ಶಿಫ್ಟಿನ ಹೊತ್ತು ಹತ್ತಿರವಾದಂತೆ ಜನ ಫೋನು ನೋಡಿಕೊಳ್ಳತೊಡಗಿದರು. ಮೊದಲು ಒಬ್ಬ, "ಅಕ್ಕ, ನಂಗೆ ಆಬ್ಸೆಂಟ್ ಬಿದ್ರೆ ಕೆಲಸಾನೇ ಹೋಗ್ತದೆ" ಅಂದ. ಹೋಗು ಅಂತ ಭದ್ರಮ್ಮ ಕೈ ಮಾಡಿದಳು. ಆಮೇಲೆ ಇಬ್ಬರು ಹೇಳದೆಯೇ ಹೋದರು. ಆಮೇಲೆ ಹೆಂಗಸರು, ಮಕ್ಕಳು ಸ್ಕೂಲಿಂದ ಬರುವ ಹೊತ್ತಾಯಿತು ಅಂತ. ಅವಳಿಗೆ ಅವರ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಕೊನೆಗೆ ಚಟ್ಟದ ಸುತ್ತ ಉಳಿದದ್ದು ಅವಳು, ದಾಸಪ್ಪ, ಮತ್ತೆ ನಾಲ್ಕೈದು ಮುದುಕರು. ಹೆಣ ಎತ್ತಲು ಕೂಡ ಬಲ ಸಾಲದ ಜನ.

ವ್ಯಾನು ಬಂದು ನಿಂತಾಗ ಅವಳು ಶಿವರಾಜನ ಕಡೆ ತಿರುಗಿದಳು. ಅವನು ತಾನಲ್ಲವೆಂದು ತಲೆಯಲ್ಲಾಡಿಸಿದ. ಕರೆದದ್ದು ಆ ವ್ಯಾನಿನಿಂದಲೇ ಇಳಿದ ಮಂಜುಶ್ರೀ.

"ನೀನಾ?" ಅಂದಳು ಭದ್ರಮ್ಮ.

ಮಂಜುಶ್ರೀಯ ಕಣ್ಣು ಕೆಂಪಗಾಗಿತ್ತು. "ದೊಡ್ಡವ್ವನ ಮುಖ ನೋಡಮ್ಮ. ನೊಣ ಕೂರ್ತಿದೆ. ಇನ್ನೂ ಎಷ್ಟು ಹೊತ್ತು ಅವಳನ್ನ ರೋಡಲ್ಲಿ ಮಲಗಿಸ್ತೀಯ?"

ಭದ್ರಮ್ಮ ಮಗಳ ಕೆನ್ನೆಗೆ ಹೊಡೆಯಲು ಎತ್ತಿದ ಕೈಯನ್ನು ಹಾಗೇ ಇಳಿಸಿ, ಸೆರಗಿನಿಂದ ಮುದುಕಿಯ ಮುಖದ ಮೇಲಿನ ನೊಣ ಓಡಿಸಿದಳು. ವೆಂಕಟಮ್ಮನನ್ನು ಅವತ್ತು ಸುಟ್ಟರು.

ಆಮೇಲೆ ತಾಯಿ ಮಗಳು ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. ಭದ್ರಮ್ಮ ಬೀದಿ ದೀಪ, ನಲ್ಲಿ ಎಲ್ಲ ಮರೆತಳು. ಮಸಾಣದ ಜಾಗ ಒಂದನ್ನೇ ಹಿಡಿದಳು. ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಕೆಲಸ ಮುಗಿಯುತ್ತಲೇ ಬಸ್ಸು ಹತ್ತಿ ಕಚೇರಿಗೆ ಬರುವಳು. ಬಾಗಿಲಲ್ಲಿ ಅವಳನ್ನು ಕಂಡರೆ ಗುಮಾಸ್ತರು ಊಟಕ್ಕೆ ಏಳುವರು. ಒಂದು ಸಲ ತಹಶೀಲ್ದಾರರ ಕಾರಿಗೇ ಅಡ್ಡ ನಿಂತಳು. ಇನ್ನೊಂದು ಸಲ ಓಟು ಕೇಳಲು ಬಂದವರಿಗೆ, "ನಮ್ಮ ಹೆಣ ಇಡೋಕೆ ಜಾಗ ಕೊಡ್ರಿ, ಆಮೇಲೆ ಜೀವ ಇರೋರ ಓಟು ಕೇಳಿ" ಅಂದುಬಿಟ್ಟಳು.

ಒಂದು ವರ್ಷ ತುಂಬುತ್ತ ಬಂದಾಗ ಶಿವರಾಜನೇ ಲೈನಿಗೆ ಬಂದ. "ಜಾಗ ಮಂಜೂರಾಗಿದೆಯಮ್ಮ. ನಾಳೆ ಸರ್ವೇಯವರು ಬಂದು ಕಲ್ಲು ನೆಡ್ತಾರೆ." ಅವನ ಮುಖದಲ್ಲೂ ಬಿಡುಗಡೆಯ ಕಳೆ ಇತ್ತು.

ಭದ್ರಮ್ಮ ಅವತ್ತು ಪಾಯಸ ಮಾಡಿ ಮನೆಮನೆಗೂ ಕೊಟ್ಟಳು. ಮಂಜುಶ್ರೀಗೂ ಬಡಿಸಿದಳು.

ಮರುದಿನ ಶಿವರಾಜನ ಜೊತೆ ಹೋಗಿ ನೋಡಿದರೆ ಜಾಗ ಹಳೇ ಕಲ್ಲು ಕ್ವಾರಿಯ ಮಗ್ಗುಲಲ್ಲಿ. ಬೆನ್ನು ತೋರಿಸಿ ಮಲಗಿದ ಎಮ್ಮೆಯ ಹಾಗೆ ಒಂದೇ ಬಂಡೆ. ಹುಲ್ಲುಕಡ್ಡಿ ಕೂಡ ಸಂದಿಯಲ್ಲಿ ಎಲ್ಲೋ ಒಂದು. ಸರ್ವೇಯವರು ಕಲ್ಲು ನೆಡಲು ಗುಂಡಿ ತೋಡಲಾಗದೆ ಮೂಲೆಗಳಿಗೆ ಸುಣ್ಣ ಬಳಿದು ಹೊರಟುಹೋದರು. ದಾಸಪ್ಪ ಹಾರೆ ಹಾಕಿದ. ಹಾರೆ ಠಣ್ ಎಂದು ಸಿಡಿದು ಅವನ ಮೊಣಕೈಯವರೆಗೂ ಜುಮ್ಮೆಂದಿತು.

"ಸಾರ್, ಇದ್ರಾಗೆ ಹೂಳೋದು ಎಂಗೆ?" ಅಂದಳು ಭದ್ರಮ್ಮ. ಅವಳ ದನಿ ಅವತ್ತು ಏರಲಿಲ್ಲ. ಅದಕ್ಕೇ ಶಿವರಾಜನಿಗೆ ಭಯವಾಯಿತು.

"ಖಾಲಿ ಇರೋ ಸರ್ಕಾರಿ ಜಾಗ ಇದೊಂದೇ ಅಮ್ಮ. ಮಣ್ಣಿರೋ ಜಾಗ ಎಲ್ಲಾ…" ಅಂದ. ಮಣ್ಣಿರುವ ಜಾಗ ಏನಾಗಿದೆ ಅಂತ ಹೇಳಬೇಕಾಗಿರಲಿಲ್ಲ. ಸುತ್ತ ತಿರುಗಿದರೆ ಸಾಕು, ಕಾಣುತ್ತಿತ್ತು.

ಮನೆಗೆ ಬಂದು ಅವಳು ಮಲಗಿಬಿಟ್ಟಳು. ಮಾರನೇ ದಿನವೂ ಏಳಲಿಲ್ಲ. ದಾಸಪ್ಪ ಗಂಜಿ ಮಾಡಿ ತಂದ. "ಬಿಡು ಬದ್ರಿ. ಸತ್ತ ಮ್ಯಾಲೆ ಎಲ್ಲಾದ್ರೇನು?"

"ಬದುಕಿರೋವಾಗ್ಲೂ ಅದೇ ಅಂದ್ರು, ಎಲ್ಲಾದ್ರೇನು ಅಂತ. ಸುಮ್ಕಿರು ನೀನು."

ಮೂರನೇ ದಿನ ಕೆಲಸಕ್ಕೆ ಹೊರಟವಳು ರಸ್ತೆ ದಾಟಲು ನಿಂತಿದ್ದಾಗ ಮಣ್ಣು ತುಂಬಿದ ಟಿಪ್ಪರೊಂದು ಧೂಳೆಬ್ಬಿಸಿಕೊಂಡು ಹೋಯಿತು. ಹಿಂದೆಯೇ ಇನ್ನೊಂದು. ಹತ್ತಿರದಲ್ಲೇ ದೊಡ್ಡ ಅಪಾರ್ಟ್‌ಮೆಂಟು ಏಳುತ್ತಿತ್ತು. ಅದರ ಪಾಯದಿಂದ ತೆಗೆದ ಕೆಮ್ಮಣ್ಣನ್ನು ಎಲ್ಲಿ ಸುರಿಯುವುದೆಂದು ಡ್ರೈವರುಗಳು ಕೆರೆ, ಹಳ್ಳ ಹುಡುಕಿಕೊಂಡು ತಿರುಗುತ್ತಿದ್ದುದು ಎಲ್ಲರಿಗೂ ಗೊತ್ತಿದ್ದ ವಿಷಯ. ಭದ್ರಮ್ಮ ಮೂರನೇ ಟಿಪ್ಪರಿಗೆ ಅಡ್ಡ ಬಂದು ನಿಂತಳು. ಡ್ರೈವರು ಬ್ರೇಕು ಒತ್ತಿ, "ಸಾಯಕ್ಕೆ ಬಂದ್ಯಾ ಅಕ್ಕಾ?" ಅಂತ ಕೂಗಿದ.

"ಹೂಂ ಕಣಪ್ಪಾ, ಅದಕ್ಕೇ ಜಾಗ ಮಾಡ್ಕೊಳ್ತಿದೀನಿ. ಈ ಮಣ್ಣು ಎಲ್ಲಿಗೆ? ಕೆರೆಗೆ ಸುರಿದ್ರೆ ನಾಳೆ ಹಿಡೀತಾರೆ ನಿನ್ನ. ನಾನು ತೋರಿಸ್ತೀನಿ ಬಾ, ಯಾರೂ ಕೇಳಾಕಿಲ್ಲ."

ಅವಳು ಟಿಪ್ಪರು ಹತ್ತಿ ಕೂತಳು. ಅವತ್ತು ಕ್ಯಾಂಟೀನಿಗೆ ಹೋಗಲಿಲ್ಲ. ಸಂಜೆಯ ಹೊತ್ತಿಗೆ ಬಂಡೆಯ ಒಂದು ಮೂಲೆ ಕೆಂಪಗಾಗಿತ್ತು.

ಕೆಲಸ ಸಲೀಸಾಗಿ ಆಯಿತೆಂದಲ್ಲ. ಮಣ್ಣಿನ ಜೊತೆ ಸಿಮೆಂಟು ಹೆಂಟೆ, ಕಂಬಿ ತುಂಡು, ಪ್ಲಾಸ್ಟಿಕ್ಕು. ಒಬ್ಬ ಡ್ರೈವರು ಇದೇ ಸಮಯವೆಂದು ಹೋಟೆಲಿನ ಕಸ ಸುರಿದು ಓಡಿದ. ಭದ್ರಮ್ಮ ಬಾಂಡ್ಲಿ ಹಿಡಿದು ಅದನ್ನೆಲ್ಲ ಆರಿಸಿ ಹಾಕಿದಳು. ಲೈನಿನವರನ್ನು ಕರೆದರೆ ಮೊದಲು ಯಾರೂ ಬರಲಿಲ್ಲ. ಗೇಟಿನ ಮುಂದಿಂದ ಎದ್ದುಹೋದ ನಾಚಿಕೆಯೋ, ಇದೂ ಆಗುವ ಮಾತಲ್ಲ ಎಂಬ ಬೇಸರವೋ. ಒಂದು ಭಾನುವಾರ ಮಂಜುಶ್ರೀ ಕೈಗೆ ಪ್ಯಾಕಿಂಗಿನ ಗ್ಲೌಸು ಹಾಕಿಕೊಂಡು ಬಂದು ಸುಮ್ಮನೆ ಪಕ್ಕದಲ್ಲಿ ಕಂಬಿ ಆರಿಸತೊಡಗಿದಳು.

"ನಿಂಗೇನು ಇಲ್ಲಿ?" ಅಂದಳು ತಾಯಿ.

"ನೀನು ಸೊಂಟ ಹಿಡ್ಕೊಂಡು ಬಿದ್ರೆ ನಾನೇ ತಾನೆ ಎತ್ತಬೇಕು" ಅಂದಳು ಮಗಳು.

ಮುಂದಿನ ಭಾನುವಾರಗಳಲ್ಲಿ ಇನ್ನೂ ಕೆಲವರು ಬಂದರು. ಆಳುದ್ದ ಮಣ್ಣು ನಿಲ್ಲುವ ಹೊತ್ತಿಗೆ ಅಪಾರ್ಟ್‌ಮೆಂಟಿನ ಪಾಯವೂ ಮುಗಿದು ಟಿಪ್ಪರುಗಳು ನಿಂತವು. ಅರ್ಧ ಬಂಡೆ ಮುಚ್ಚಿತ್ತು, ಅರ್ಧ ಹಾಗೇ ಉಳಿಯಿತು.

ಅಲ್ಲಿ ಮೊದಲು ಮಲಗಿದವನು ಲೈನಿನವನೇ ಅಲ್ಲ. ಒಂದು ಬೆಳಿಗ್ಗೆ ಚಿನ್ನಪ್ಪ ಸ್ಕೂಟರಿನಲ್ಲಿ ಬಂದು ಅವಳ ಮನೆ ಮುಂದೆ ನಿಂತ. ಅವನು ಲೈನಿಗೆ ಕಾಲಿಟ್ಟದ್ದು ಅದೇ ಮೊದಲು. ಅವನ ಮೂರನೇ ಅಂತಸ್ತಿನ ಬಾಡಿಗೆದಾರ, ಯಾದಗಿರಿ ಕಡೆಯ ಹುಡುಗ, ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ಹೋಗಿಬಿಟ್ಟಿದ್ದ. ಎಳೇ ಹೆಂಡತಿ, ಬಸುರಿ. ಊರಿಗೆ ಒಯ್ಯುವ ಸ್ಥಿತಿ ಇಲ್ಲ. ಊರಿನ ಮೂರು ಮಸಾಣದವರೂ ನಮ್ಮವನಲ್ಲ ಅಂದಿದ್ದರು.

"ನಾನೇ ಕೇಳಿದ್ರೂ ಒಪ್ಲಿಲ್ಲ ಕಣಮ್ಮ" ಅಂದ ಚಿನ್ನಪ್ಪ. ತಲೆ ಎತ್ತಿರಲಿಲ್ಲ.

ಭದ್ರಮ್ಮನ ಬಾಯಿಗೆ ಬಂದ ಮಾತುಗಳು ಒಂದೆರಡಲ್ಲ. ಅಷ್ಟನ್ನೂ ಅಂದಿದ್ದರೆ ಚಿನ್ನಪ್ಪ ನಿಂತು ಕೇಳಿಸಿಕೊಳ್ಳುತ್ತಿದ್ದನೇನೋ. ಆದರೆ ಅವನ ಹಿಂದೆ ಸ್ಕೂಟರಿನ ಸೀಟಿಗೆ ಆತುಕೊಂಡು ಆ ಹುಡುಗಿ ನಿಂತಿತ್ತು, ಒಂದು ಕೈ ಹೊಟ್ಟೆಯ ಮೇಲೆ.

"ತಗೊಂಡ್ಬನ್ನಿ" ಅಂದಳು. "ಫೋನ್ನಾಗೆ ಯೇಳಿ ಕಳಿಸೋದಲ್ಲ. ನೀವೇ ಬಂದು ಭುಜ ಕೊಡ್ಬೇಕು."

ಚಿನ್ನಪ್ಪ ಬಂದ, ಭುಜವನ್ನೂ ಕೊಟ್ಟ. ಗುಂಡಿ ತೋಡುವಾಗ ಹಾರೆ ಸರಾಗವಾಗಿ ಇಳಿಯಿತು. ತಳದಲ್ಲಿ ಮಾತ್ರ ಒಮ್ಮೆ ಕಲ್ಲಿಗೆ ತಾಗಿ ಸದ್ದಾಯಿತು. ಎಲ್ಲ ಮುಗಿದ ಮೇಲೆ ಅವನು ಕೈ ಕೊಡವಿಕೊಂಡು, "ದೊಡ್ಡ ಪುಣ್ಯದ ಕೆಲಸ ಮಾಡ್ದೆ ಕಣಮ್ಮ" ಅಂದ. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ. ಆ ಹುಡುಗಿಯ ಕೈ ಹಿಡಿದು ಮನೆಗೆ ಕರೆತಂದು, ಬಿಸಿನೀರು ಕಾಸಿಕೊಟ್ಟು, ಊಟಕ್ಕಿಟ್ಟಳು.

ಹುಡುಗಿ ಹೋದ ಮೇಲೆ ಮಂಜುಶ್ರೀ ಮೆಲ್ಲಗೆ, "ಈಗಾದ್ರೂ ಸಮಾಧಾನ ಆಯ್ತಾಮ್ಮ?" ಎಂದು ಕೇಳಿದಳು.

"ಎಲ್ಲಿಂದ ಬರ್ತದೆ ಸಮಾಧಾನ?" ಭದ್ರಮ್ಮ ತಟ್ಟೆಗಳನ್ನು ದಡದಡ ಜೋಡಿಸಿದಳು. "ಗುರುತಿಲ್ಲ ಪರಿಚಯ ಇಲ್ಲ, ಅವನಿಗೆ ಸಿಕ್ತು. ಹೊಟ್ಟೆಕಿಚ್ಚಿಲ್ಲ, ಸಿಗಲಿ ಪಾಪ. ನನ್ನ ಕೈಲಿ ಉಂಡು ನನ್ನ ಮನೇಲೇ ಪ್ರಾಣ ಬಿಟ್ಟೋಳಿಗೆ ಕೊಡಕಾಗ್ಲಿಲ್ಲವಲ್ಲೇ ನಂಗೆ."

ಮಂಜುಶ್ರೀ ತಟ್ಟೆಗಳನ್ನು ಅವಳ ಕೈಯಿಂದ ತೆಗೆದುಕೊಂಡು ಬಚ್ಚಲಿಗೆ ಹೋದಳು.

ಆ ವಾರವೇ ಜೋರು ಮಳೆ ಬಂತು. ಮಣ್ಣಿನ ಕೆಳಗಡೆಯ ಅಂಚು ಕರಗಿ ಕೆಂಪು ನೀರಾಗಿ ಕ್ವಾರಿಗೆ ಇಳಿಯಿತು. ಹುಡುಗನ ಗುಂಡಿ ಮೇಲ್ಭಾಗದಲ್ಲಿದ್ದುದರಿಂದ ಅದಕ್ಕೇನೂ ಆಗಲಿಲ್ಲ. ಸುತ್ತ ಒಂದು ಕಲ್ಲಿನ ತಡೆಗೋಡೆ ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಮತ್ತೆ ಬಂಡೆಯೇ ಉಳಿಯುತ್ತದೆ ಅಂದ ದಾಸಪ್ಪ. ಭದ್ರಮ್ಮ ಶಿವರಾಜನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಬಿಝಿ ಅಂತ ಬಂತು. ಒಂದೇ ಉಸಿರಿಗೆ ಬಾಯಿಗೆ ಬಂದಂತೆ ಬೈದು, ಮಾರನೇ ದಿನ ಕ್ಯಾಂಟೀನಿಗೆ ಅರ್ಧ ದಿನ ರಜೆ ಹೇಳಿ, ಕೊಡೆ ಹಿಡಿದು ಕಚೇರಿಗೆ ಹೊರಟಳು.